ಚನ್ನಪಟ್ಟಣದ ಮರದ ಗೋದಲಿ: ಮೂರು ಕ್ರಿಸ್‌ಮಸ್ ಕಳೆದ ಮೇಲೆ

ನವೆಂಬರ್ ಬಂತು ಅಂದರೆ ನನಗೆ ಗೊತ್ತಿರುವ ಅಮ್ಮಂದಿರೆಲ್ಲ ಕೇಳೋದು ಒಂದೇ. ಮಕ್ಕಳಿಗೆ ಕ್ರಿಸ್‌ಮಸ್‌ಗೆ ಏನು ತಗೊಂಡ್ರಿ? ಎಲ್ಲಿ? ಎಷ್ಟಾಯ್ತು? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಈ ಸಲ ಇಲ್ಲೇ ಬರೆದುಬಿಡುತ್ತೇನೆ. ನಾವು 2022ರಲ್ಲಿ ಚನ್ನಪಟ್ಟಣದಿಂದ ಒಂದು ಮರದ ಗೋದಲಿ ಸೆಟ್ ತಂದೆವು. ಆಗ ಮಗಳಿಗೆ ಎರಡೂವರೆ ವರ್ಷ. ಈಗ ಅವಳಿಗೆ ಐದು ದಾಟಿದೆ, ಅವಳ ತಮ್ಮನಿಗೆ ಎರಡೂವರೆ. ಆ ಸೆಟ್ಟು ಮೂರು ಕ್ರಿಸ್‌ಮಸ್‌ನಲ್ಲಿ ಇಬ್ಬರ ಕೈಯಿಂದಲೂ ಬಿದ್ದಿದೆ, ಬಾಯಿಗೂ ಹೋಗಿ ಬಂದಿದೆ, ಒಂದು ಸಲ ಸಾಂಬಾರಿನ ಪಾತ್ರೆಯಲ್ಲೂ ಸಿಕ್ಕಿದೆ. ಹಾಗಾಗಿ ಅದರ ಒಳ್ಳೇದು ಕೆಟ್ಟದ್ದು ಎರಡೂ ನನಗೆ ಚೆನ್ನಾಗಿ ಗೊತ್ತು.

ಗೋದಲಿ ಗೊತ್ತಿಲ್ಲದವರಿಗೆ ಒಂದು ಮಾತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆ ಇಟ್ಟು ಮನೆಯಲ್ಲಿ, ಚರ್ಚಿನಲ್ಲಿ ಮಾಡುತ್ತೇವಲ್ಲ, ಅದೇ ಗೋದಲಿ. ಮರಿಯಮ್ಮ, ಜೋಸೆಫ್, ಕೂಸು, ದನ, ಕುರಿ, ಕುರಿ ಕಾಯುವವರು, ದೂರದಿಂದ ಬಂದ ಮೂರು ರಾಯರು. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಲ್ಲಿ ಸಂತ ಫ್ರಾನ್ಸಿಸ್ ಇದನ್ನು ಶುರು ಮಾಡಿದಾಗ ನಿಜವಾದ ಎತ್ತು, ಕತ್ತೆ ತಂದು ಕಟ್ಟಿದ್ದರಂತೆ. ನಮ್ಮ ತವರು ಕನಕಪುರ ಕಡೆ. ಅಲ್ಲಿ ತಾತ ಹೊಲದಿಂದ ಹುಲ್ಲು, ಜೇಡಿಮಣ್ಣು, ಬಿದಿರಿನ ಕಡ್ಡಿ ತಂದು ಹಜಾರದ ಮೂಲೆಯಲ್ಲಿ ಗೋದಲಿ ಕಟ್ಟುತ್ತಿದ್ದರು. ಗೊಂಬೆಗಳು ಪ್ಲಾಸ್ಟರ್‌ನವು. ವರ್ಷವಿಡೀ ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇರುತ್ತಿದ್ದವು. ಅವನ್ನು ಹೊರಗೆ ತೆಗೆದ ದಿನದಿಂದ ಮತ್ತೆ ಒಳಗೆ ಇಡುವ ದಿನದವರೆಗೂ ನಮಗೆ ಕೇಳಿಸುತ್ತಿದ್ದ ಮಾತು "ಮುಟ್ಟಬೇಡ್ರೋ". ಮುಟ್ಟಿದೆ. ಕುರಿ ಕಾಯುವವನ ಕೈ ಮುರಿಯಿತು. ಅಜ್ಜಿ ಅನ್ನ ಮೆತ್ತಿ ಅಂಟಿಸೋಕೆ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಮಕ್ಕಳಿಗೆ ಮುಟ್ಟಬಹುದಾದ ಗೋದಲಿ ಬೇಕು ಅಂತ ಮನಸ್ಸಿಗೆ ಬಂದದ್ದು ಅಲ್ಲಿಂದಲೇ.

ಸೆಟ್ಟಿನಲ್ಲಿ ಬಂದದ್ದು ಐದು ಗೊಂಬೆ. ಜೋಸೆಫ್ ನಾಲ್ಕು ಇಂಚು, ಮರಿಯಮ್ಮ ಅದಕ್ಕಿಂತ ಸ್ವಲ್ಪ ಗಿಡ್ಡ, ಒಂದು ಹಸು, ಒಂದು ಕುರಿ, ಮತ್ತೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಕೂಸು. ಆಗ ಸಾವಿರದ ನೂರು ರೂಪಾಯಿ ಕೊಟ್ಟೆವು. ಎಲ್ಲವೂ ದುಂಡು ದುಂಡು, ಯಾಕಂದರೆ ಲೇತ್ ಯಂತ್ರದಲ್ಲಿ ತಿರುಗಿಸಿ ಮಾಡೋದು. ಜೋಸೆಫ್‌ಗೆ ಕೈಕಾಲು ಇಲ್ಲ, ಮೂಗಿಲ್ಲ. ಕಂದು ಬಣ್ಣದ ಮೈ, ಮೇಲೆ ಒಂದು ಗುಂಡು ತಲೆ, ಎರಡು ಚುಕ್ಕಿ ಕಣ್ಣು, ಅಷ್ಟೇ. ನಮ್ಮತ್ತೆ ನೋಡಿ "ಇದೇನಮ್ಮ, ಚದುರಂಗದ ಕಾಯಿ ಇದ್ದ ಹಾಗಿದೆ" ಅಂದರು. ಮಗಳು ಮಾತ್ರ ಒಂದು ಸಲವೂ ಕೇಳಲಿಲ್ಲ. ಅವಳಿಗೆ ಅದು ಜೋಸೆಫ್, ಇದು ಮರಿಯಮ್ಮ, ಕೂಸು ಅಳುತ್ತಾ ಇದೆ, ಶ್! ಕೈಕಾಲು ಮುರಿಯೋ ಭಯವೇ ಇಲ್ಲದ ಗೊಂಬೆ ಆ ವಯಸ್ಸಿಗೆ ಎಷ್ಟು ಸರಿ ಅಂತ ಅವತ್ತೇ ಅನ್ನಿಸಿತು.

ಕೈಗೆ ತಗೊಂಡರೆ ಹಗುರ. ಹಾಲೆ ಮರ, ಅಲ್ಲಿಯವರ ಬಾಯಲ್ಲಿ ಆಲೆ ಮರ. ಬೆಳ್ಳಗೆ, ನಯವಾಗಿ, ಎಳೆ ಕಾಣದ ಹಾಗೆ ಇರುತ್ತೆ. ಬಣ್ಣ ಹಾಕೋದನ್ನು ನಾವು ನಿಂತು ನೋಡಿದೆವು. ಮರದ ತುಂಡು ಗಿರ್ರನೆ ತಿರುಗುತ್ತಿರುವಾಗಲೇ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಆಮೇಲೆ ಒಣಗಿದ ಗರಿ ಒತ್ತಿ ಹಿಡಿದರೆ ಕಣ್ಣೆದುರೇ ಹೊಳಪು ಬರುತ್ತೆ. ಬ್ರಶ್ ಇಲ್ಲ, ಪೇಂಟ್ ಡಬ್ಬ ಇಲ್ಲ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ ಅಂತ ಅಲ್ಲಿನ ಕೆಲಸದವರು ತೋರಿಸಿದರು. ಮಗಳು ಆ ಗಿರ್ರನೆ ಸದ್ದಿಗೆ ಮೊದಲು ಹೆದರಿ ನನ್ನ ಸೆರಗು ಹಿಡಿದುಕೊಂಡಿದ್ದಳು. ಬಿಳಿ ಮರ ಕೆಂಪಾಗಿದ್ದು ನೋಡಿ "ಇನ್ನೊಂದ್ಸಲ" ಅಂದಳು. ಅಲ್ಲಿದ್ದವರು ಒಂದು ಸಣ್ಣ ಬುಗುರಿಯನ್ನು ಅವಳಿಗಾಗಿಯೇ ಮಾಡಿ, ಇನ್ನೂ ಬೆಚ್ಚಗಿದ್ದ ಹಾಗೇ ಕೈಗೆ ಕೊಟ್ಟರು. ಆ ಬುಗುರಿ ಇವತ್ತಿಗೂ ಅವಳ ದಿಂಬಿನ ಕೆಳಗೆ ಇರುತ್ತೆ. ಹತ್ತಿರದಲ್ಲಿರುವವರು ಸೆಟ್ಟನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಿ ಅಂತ ನಾನು ಹೇಳೋದು ಇದಕ್ಕೇ. ಅರ್ಧ ಉಡುಗೊರೆ ಅಲ್ಲೇ ಸಿಕ್ಕಿಬಿಡುತ್ತೆ.

ಹೋಗುವವರು ಒಂದು ವಿಷಯ ಗಮನದಲ್ಲಿಡಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತಲ್ಲ, ಅದು ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಆಚೆಯಿಂದಲೇ ಹೋಗುತ್ತೆ. ಮೊದಲಾದರೆ ಮೈಸೂರಿಗೆ ಹೋಗುವಾಗ ರಸ್ತೆ ಪಕ್ಕದಲ್ಲೇ ಕುದುರೆ, ಗಿಲಕಿ ತೂಗುಹಾಕಿದ ಅಂಗಡಿಗಳ ಸಾಲು ಸಿಗುತ್ತಿತ್ತು, ಮಕ್ಕಳು ಹಟ ಮಾಡಿ ಗಾಡಿ ನಿಲ್ಲಿಸುತ್ತಿದ್ದವು. ಈಗ ಬೈಪಾಸ್ ಹಿಡಿದರೆ ಊರು ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ನಾವು ಮಾತಾಡಿಸಿದ ಅಂಗಡಿಯವರೆಲ್ಲ ವ್ಯಾಪಾರ ಬಿದ್ದುಹೋಗಿದೆ ಅಂತಲೇ ಅಂದರು, ಕೇಳಿ ಹೊಟ್ಟೆ ಚುರ್ ಅಂತು. ಹಾಗಾಗಿ ಬೇಕಂತಲೇ ಹಳೇ ರಸ್ತೆ ಹಿಡಿದು ಹೋಗಿ. ಇಲ್ಲಾಂದರೆ ರೈಲು. ಮೈಸೂರು ಕಡೆಯ ಪ್ಯಾಸೆಂಜರ್ ಗಾಡಿಗಳು ಚನ್ನಪಟ್ಟಣದಲ್ಲಿ ನಿಲ್ಲುತ್ತವೆ. ಮಕ್ಕಳಿಗೆ ರೈಲೇ ಒಂದು ಹಬ್ಬ ಅಲ್ವಾ. ಬೆಂಗಳೂರಿನಲ್ಲೇ ಬೇಕು ಅನ್ನುವವರಿಗೆ ಸರ್ಕಾರದ ಕಾವೇರಿ ಎಂಪೋರಿಯಂ ಇದೆ. ಗಿಲಕಿ, ಬುಗುರಿ, ಉಂಗುರ ಜೋಡಿಸುವ ಆಟಿಕೆಗಳಿಗೆ ಅದು ಸಾಕು. ಆದರೆ ಗೋದಲಿಗೆ ಬೇಕಾದ ಗೊಂಬೆ ಹೇಳಿ ಮಾಡಿಸಿಕೊಳ್ಳೋದಕ್ಕೆ ಚನ್ನಪಟ್ಟಣಕ್ಕೇ ಹೋಗಬೇಕು.

ಈಗ ದೂರು. ಮೊದಲ ವರ್ಷ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಕ್ರಿಸ್‌ಮಸ್ ಮರಕ್ಕೆ ನೇತುಹಾಕುವ ಆರು ಗೊಂಬೆ ತಗೊಂಡೆವು. ಚನ್ನಪಟ್ಟಣದ್ದೇ, ಅರಗಿನದೇ ಅಂತ ಆಣೆ ಮಾಡಿ ಕೊಟ್ಟರು. ಒಂದೇ ವಾರಕ್ಕೆ ಕೆಂಪು ಸಿಪ್ಪೆ ಸಿಪ್ಪೆಯಾಗಿ ಎದ್ದು ಮಗಳ ಉಗುರಿನಲ್ಲಿ ಸೇರಿಕೊಂಡಿತ್ತು. ಅದು ಬ್ರಶ್ಶಿನಲ್ಲಿ ಬಳಿದ ಪೇಂಟು. ಊರಿನ ಹೆಸರು ಹೇಳಿ ಹೊರಗಿನ ಮಾಲು, ಪ್ಲಾಸ್ಟಿಕ್ಕು ಎಲ್ಲ ಒಟ್ಟಿಗೇ ಇಟ್ಟು ಮಾರುವವರು ಇದ್ದಾರೆ, ಹುಷಾರಾಗಿರಿ. ಅಲ್ಲಿಂದ ಮುಂದೆ ನಾನು ಕಲಿತದ್ದು ಹೀಗೆ: ನಿಜವಾದ ಅರಗಿನ ಬಣ್ಣದಲ್ಲಿ ಬ್ರಶ್ಶಿನ ಗೆರೆ ಇರಲ್ಲ, ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಸುತ್ತಲೂ ಬಳೆಯ ಹಾಗೆ ನೀಟಾದ ಗೆರೆ ಇರುತ್ತೆ, ಉಗುರಿನಿಂದ ಕೆರೆದರೆ ಸಿಪ್ಪೆ ಏಳಲ್ಲ. ಚಪ್ಪಟೆ ಹಲಗೆ ಕತ್ತರಿಸಿ ಬಣ್ಣ ಬಳಿದ ನಕ್ಷತ್ರ, ಜಿಂಕೆ ಇಂಥವು ಚಂದ ಕಂಡರೂ ಸಣ್ಣ ಮಕ್ಕಳಿಗೆ ನಾನು ಕೊಡಲ್ಲ. ಆ ಬಣ್ಣ ಯಾವುದು ಅಂತ ಕೇಳಿದರೆ ಎಷ್ಟೋ ಸಲ ಅಂಗಡಿಯವರಿಗೇ ಗೊತ್ತಿರಲ್ಲ.

ಇನ್ನೊಂದು. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ನೋಂದಾಯಿತ ಕುಶಲಕರ್ಮಿಗಳು ಮಾಡುವ ಆಟಿಕೆಗೆ, ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ವಿಶೇಷ ಅಂತ ಕೊಡುವ ಸರ್ಕಾರದ ಗುರುತು) ಇರುವ ಆಟಿಕೆಗೆ ವಿನಾಯಿತಿ ಕೊಟ್ಟಿದ್ದಾರೆ. ಚನ್ನಪಟ್ಟಣದ ಆಟಿಕೆಗೆ 2005-06ರಲ್ಲೇ ಜಿಐ ಸಿಕ್ಕಿದೆ. ಕೈಯಲ್ಲಿ ಮಾಡುವವರಿಗೆ ಇದು ಒಳ್ಳೇದೇ, ಸಣ್ಣ ಕಾರ್ಖಾನೆಯವರು ಲ್ಯಾಬ್ ಖರ್ಚು ಎಲ್ಲಿಂದ ತರಬೇಕು. ಆದರೆ ಗುರುತು ಇರಲೇಬೇಕು ಅಂತಿಲ್ಲದ ಕಡೆ ನೋಡುವ ಕೆಲಸ ನಮ್ಮದು. ಮುಖ್ಯವಾಗಿ ಗಾತ್ರ. ಮೂರು ವರ್ಷದೊಳಗಿನ ಮಗುವಿಗೆ ಬಾಯಲ್ಲಿ ಪೂರ್ತಿ ಹಿಡಿಸುವಂಥದ್ದು ಯಾವುದನ್ನೂ ಕೊಡಬಾರದು. ನಮ್ಮ ಸೆಟ್ಟಿನ ಕೂಸು ಸರಿಯಾಗಿ ಆ ಗಾತ್ರದ್ದೇ! ಮಕ್ಕಳ ಗೋದಲಿ ಅಂತ ಮಾರುವವರು ಕೂಸನ್ನು ತೊಟ್ಟಿಲಿಗೇ ಅಂಟಿಸಿ ಒಂದೇ ತುಂಡಾಗಿ ಮಾಡಬೇಕಿತ್ತು. ಇದು ಈ ಸೆಟ್ಟಿನ ದೊಡ್ಡ ತಪ್ಪು, ಅಂಗಡಿಯಲ್ಲೂ ಹೇಳಿಬಂದೆ.

ಆ ತಪ್ಪಿನಿಂದಲೇ ನಮ್ಮ ಮನೆಯಲ್ಲಿ ಒಂದು ಪದ್ಧತಿ ಹುಟ್ಟಿತು. ಕೂಸನ್ನು ನಾನು ಎತ್ತಿ ಬೀರುವಿನಲ್ಲಿ ನನ್ನ ಓಲೆಯ ಡಬ್ಬಿಯಲ್ಲಿ ಇಟ್ಟುಬಿಟ್ಟೆ. ಡಿಸೆಂಬರ್ ಪೂರ್ತಿ ತೊಟ್ಟಿಲು ಖಾಲಿ. ಮಗಳು ದಿನಾ ಬಗ್ಗಿ ನೋಡಿ "ಕೂಸು ಇನ್ನೂ ಬಂದಿಲ್ಲ" ಅನ್ನೋಳು. ಚರ್ಚಿನಲ್ಲೂ ಹಾಗೇ ಅಲ್ವಾ, 24ರ ರಾತ್ರಿ ಪೂಜೆಯಲ್ಲೇ ಕೂಸನ್ನು ಗೋದಲಿಯಲ್ಲಿ ಇಡೋದು. 24ರ ಸಂಜೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿ, ಡಬ್ಬಿ ತೆಗೆದು ಅವಳ ಅಂಗೈ ಮೇಲೆ ಕೂಸನ್ನು ಇಟ್ಟೆ. ಎರಡೂ ಕೈ ಬೊಗಸೆ ಮಾಡಿಕೊಂಡು ಹಜಾರದವರೆಗೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋದಳು. ಉಸಿರೇ ಬಿಡಲಿಲ್ಲ. ಇಟ್ಟ ಮೇಲೆ ಬಗ್ಗಿ, ತನ್ನ ಕರವಸ್ತ್ರ ತೆಗೆದು ಹೊದಿಸಿದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವತ್ತು ಅವಳಿಗೆ ಬಂದಿದ್ದ ಬೇರೆ ಉಡುಗೊರೆಗಳು ಯಾವುವು ಅಂತ ನೆನಪು ಮಾಡಿಕೊಳ್ಳೋಕೆ ನಾನು ಫೋಟೊ ನೋಡಬೇಕು.

ಆ ಫೋಟೊದಲ್ಲಿರುವ ಒಂದು ಉಡುಗೊರೆ ಬಗ್ಗೆ ಮಾತ್ರ ಹೇಳಲೇಬೇಕು. ನೆಂಟರೊಬ್ಬರು ಮಾಲ್‌ನ ಅಂಗಡಿಯಿಂದ ಹಾಡುವ ಸಾಂತಾ ಗೊಂಬೆ ತಂದಿದ್ದರು. ಹೊಟ್ಟೆ ಒತ್ತಿದರೆ ಹಾಡು, ದೀಪ. ಎರಡನೇ ದಿನಕ್ಕೆ ಬೆನ್ನಿನ ಮುಚ್ಚಳ ಕಳಚಿ ಬಿಲ್ಲೆ ಸೆಲ್ ನೆಲದ ಮೇಲೆ ಬಿದ್ದಿತ್ತು. ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ. ಮಗು ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ನಮ್ಮ ಪುಣ್ಯ, ನನ್ನ ಕಾಲಿಗೇ ಸಿಕ್ಕಿತು. ದಯವಿಟ್ಟು ಬ್ಯಾಟರಿ ಆಟಿಕೆ ಯಾರೇ ಕೊಟ್ಟರೂ ಮೊದಲು ಬೆನ್ನು ತಿರುಗಿಸಿ ಸ್ಕ್ರೂ ಇದೆಯಾ ನೋಡಿ.

ಮರದ ಗೊಂಬೆ ನಿಭಾಯಿಸುವ ವಿಷಯದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಡಬ್ಬಗಟ್ಟಲೆ ಉಳಿದಿತ್ತು. ಮಗು ಬಾಯಿಗೆ ಹಾಕುತ್ತೆ ಅಂತ ಹಸುವನ್ನು ಅದರಲ್ಲಿ ಚೆನ್ನಾಗಿ ಒರೆಸಿದೆ. ಐದು ನಿಮಿಷಕ್ಕೆ ಮೈಯೆಲ್ಲ ಅಂಟು ಅಂಟು, ಹೊಳಪು ಹೋಗಿ ಬೆರಳಚ್ಚು ಮೂಡಿತ್ತು, ಬಟ್ಟೆಯಲ್ಲಿ ಕಂದು ಬಣ್ಣ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ, ಮರಗೆಲಸದವರು ಪಾಲಿಶ್ ಮಾಡೋಕೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲೇ ನೆನೆಸೋದು. ಆಮೇಲೆ ಗೊತ್ತಾಯಿತು. ನೀರಿನಲ್ಲಿ ನೆನೆಸೋದೂ ಬೇಡ, ಬಿಸಿಲಿಗೆ ಇಡೋದೂ ಬೇಡ. ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಸಾಂಬಾರಿಗೆ ಬಿದ್ದ ಕುರಿಯ ಬಣ್ಣ ಮಾತ್ರ ಮತ್ತೆ ಮೊದಲಿನ ಹಾಗೆ ಬರಲಿಲ್ಲ. ಕಣ್ಣಿನ ಚುಕ್ಕಿಗಳೂ ಉಳಿಯಲ್ಲ, ಅವನ್ನು ಬ್ರಶ್ಶಿನಲ್ಲಿ ಇಡೋದರಿಂದ ಬೇಗ ಅಳಿಸಿಹೋಗುತ್ತವೆ. ಹಸುವಿನ ಒಂದು ಕಾಲು ಅಲ್ಲಾಡಿತ್ತು, ಫೆವಿಕಾಲ್ ಹಾಕಿ ರಾತ್ರಿ ಬಿಟ್ಟೆ, ಗಟ್ಟಿಯಾಯಿತು. ಮೂರು ವರ್ಷಕ್ಕೆ ಇಷ್ಟೇ ರಿಪೇರಿ.

ವರ್ಷಕ್ಕೊಂದು ಹೊಸ ಗೊಂಬೆ ತರುವ ಯೋಚನೆ ನನ್ನದಲ್ಲ, ಪಕ್ಕದ ಮನೆ ಅಜ್ಜಿಯದ್ದು. ದಸರಾಕ್ಕೆ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಅವರ ಮದುವೆಗೆ ತವರಿನಿಂದ ಕೊಟ್ಟ ಪಟ್ಟದ ಗೊಂಬೆ ಜೋಡಿ ಮೇಲಿನ ಮೆಟ್ಟಿಲಲ್ಲಿ, ಕೆಳಗೆ ಚನ್ನಪಟ್ಟಣದ ರಾಜ, ರಾಣಿ, ಶೆಟ್ಟಿ ಅಂಗಡಿ ಎಲ್ಲ. "ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಇಡಬೇಕು ಕಣಮ್ಮ, ಅದು ಪದ್ಧತಿ" ಅಂದರು. ಇದು ಯಾವ ವರ್ಷದ್ದು, ಇದನ್ನು ತಂದಾಗ ಯಾರು ಬಸುರಿಯಾಗಿದ್ದರು, ಯಾರು ಇನ್ನೂ ಬದುಕಿದ್ದರು ಅಂತ ಒಂದೊಂದನ್ನೂ ಮುಟ್ಟಿ ಹೇಳಿದರು. ನನ್ನ ಮಗಳು ಬಾಯಿ ಬಿಟ್ಟುಕೊಂಡು ಕೇಳುತ್ತಾ ಕೂತಿದ್ದಳು. ಅವತ್ತೇ ನಮ್ಮ ಗೋದಲಿಗೂ ಅದೇ ಪದ್ಧತಿ ಅಂತ ತೀರ್ಮಾನ ಮಾಡಿದೆವು.

2023ರಲ್ಲಿ ಮೂರು ರಾಯರನ್ನು ಮಾಡಿಸಿದೆವು. ಹಳದಿ, ಹಸಿರು, ನೀಲಿ, ತಲೆಗೆ ಒಂದೊಂದು ಕಿರೀಟ, ಆರುನೂರೈವತ್ತು ಆಯಿತು. ಅವರನ್ನು ಗೋದಲಿಯಲ್ಲಿ ಇಡಲ್ಲ. ಡಿಸೆಂಬರ್ 25ರಂದು ಅಡುಗೆಮನೆ ಕಿಟಕಿಯಲ್ಲಿ ನಿಲ್ಲಿಸುತ್ತೇವೆ. ದಿನಾ ರಾತ್ರಿ ಮಲಗುವ ಮುಂಚೆ ಮಗಳು ಅವರನ್ನು ಸ್ವಲ್ಪ ಸ್ವಲ್ಪ ಮುಂದೆ ನಡೆಸುತ್ತಾಳೆ, ಫ್ರಿಜ್ ಪಕ್ಕ, ಚಪ್ಪಲಿ ಸ್ಟ್ಯಾಂಡ್ ಮೇಲೆ, ಟಿವಿ ಹತ್ತಿರ. ಜನವರಿ 6ಕ್ಕೆ, ಮೂರು ರಾಯರ ಹಬ್ಬದ ದಿನ, ಕೊಟ್ಟಿಗೆ ತಲುಪುತ್ತಾರೆ. ಹಬ್ಬ ಒಂದೇ ದಿನಕ್ಕೆ ಮುಗಿದುಹೋಯಿತು ಅಂತ ಮಕ್ಕಳು ಸಪ್ಪಗಾಗುತ್ತಾರಲ್ಲ, ಅದು ನಮ್ಮ ಮನೆಯಲ್ಲಿ ನಿಂತೇಹೋಯಿತು. 2024ರಲ್ಲಿ ದೇವದೂತ. ಅದರ ರೆಕ್ಕೆ ಮಾತ್ರ ಹಲಗೆಯದು, ತುದಿ ಸ್ವಲ್ಪ ಚೂಪಾಗಿತ್ತು, ಮರಳು ಕಾಗದದಲ್ಲಿ ನಾನೇ ಉಜ್ಜಿ ನಯ ಮಾಡಿದೆ.

ಗೋದಲಿಯ ಹುಲ್ಲಿಗೆ ರಾಗಿ ಬಿತ್ತುತ್ತೇವೆ. ತಾತ ಮಾಡುತ್ತಿದ್ದದ್ದು ಇದೇ. ಡಿಸೆಂಬರ್ 10ರ ಹೊತ್ತಿಗೆ ಹಳೇ ತಟ್ಟೆಯಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿ ಚೆಲ್ಲಿ, ಮೇಲೆ ಒಂದು ಚೂರು ಮಣ್ಣು ಉದುರಿಸಿದರೆ ನಾಲ್ಕೈದು ದಿನಕ್ಕೆ ಹಸಿರು ಕಾಣುತ್ತೆ, ಹಬ್ಬಕ್ಕೆ ಹೊಲವೇ ರೆಡಿ. ನೀರು ಚಿಮುಕಿಸೋದು ಚಿಕ್ಕವನ ಕೆಲಸ, ಅವನು ಅರ್ಧ ತನ್ನ ಮೇಲೇ ಸುರಿದುಕೊಳ್ಳುತ್ತಾನೆ. ಹತ್ತು ರೂಪಾಯಿಯ ರಾಗಿ, ಎರಡು ವಾರದ ಖುಷಿ. ಕರ್ಜಿಕಾಯಿ ಅಂಚು ಒತ್ತೋದು, ತಟ್ಟೆಗೆ ಕಜ್ಜಾಯ, ಚಕ್ಕುಲಿ ಜೋಡಿಸಿ ಅಕ್ಕಪಕ್ಕದ ಮನೆಗೆ ಕೊಟ್ಟುಬರೋದು ದೊಡ್ಡವಳ ಪಾಲಿಗೆ.

ಗೋದಲಿ ಬಿಟ್ಟು ಚನ್ನಪಟ್ಟಣದ್ದೇ ಬೇರೆ ಏನು ಕೊಡಬಹುದು ಅಂತ ಕೇಳುವವರಿಗೆ: ಒಂದು ವರ್ಷದೊಳಗಿನ ಕೂಸಿಗೆ ಗಿಲಕಿ, ಆದರೆ ಒಂದೇ ತುಂಡಿನದ್ದು, ಒಳಗಿನ ಮಣಿ ಹೊರಗೆ ಬರದಂಥದ್ದು ನೋಡಿ ತಗೊಳ್ಳಿ. ಹೆಜ್ಜೆ ಇಡುವ ಮಗುವಿಗೆ ಮೂರು ಗಾಲಿಯ ತಳ್ಳುಗಾಡಿ ಇದೆ, ಚಿಕ್ಕವನು ನಡೆಯೋಕೆ ಕಲಿತದ್ದು ಅದನ್ನೇ ಹಿಡಿದು, ಆದರೆ ಗ್ರಾನೈಟ್ ನೆಲದಲ್ಲಿ ಜರ್ರಂತ ಜಾರುತ್ತೆ, ಕೆಳಗೆ ಜಮಖಾನ ಹಾಸಿ. ಉಂಗುರ ಜೋಡಿಸೋದು ಎರಡು ವರ್ಷದವರೆಗೆ ಬಹಳ ಚೆನ್ನಾಗಿದೆ, ಆಮೇಲೆ ಮೂಲೆಗೆ ಹೋಗುತ್ತೆ. ಬುಗುರಿಗೆ ವಯಸ್ಸೇ ಇಲ್ಲ, ನಮ್ಮ ಮಾವ ಈಗಲೂ ಆಡುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೂಸಿನ ಗಾತ್ರಕ್ಕೆ ಅರ್ಧ, ಅಳಿಸುವ ಕಣ್ಣಿಗೆ ಅರ್ಧ ಕಡಿಮೆ. ಮಾಡಿಸಬೇಕು ಅನ್ನುವವರು ಡಿಸೆಂಬರ್‌ವರೆಗೆ ಕಾಯಬೇಡಿ. ನಮಗೆ ಮೂರು ರಾಯರು ಕೈಗೆ ಸಿಗೋಕೆ ಮೂರು ವಾರ ಹಿಡಿಯಿತು. ನೀವೇ ಒಂದು ಚಿತ್ರ ಬರೆದುಕೊಂಡು ಹೋದರೆ ಸುಲಭ, ದುಂಡು ಆಕಾರದಲ್ಲಿ ಆಗುತ್ತಾ ಇಲ್ಲವಾ ಅಂತ ಅವರು ನೋಡಿದ ತಕ್ಷಣ ಹೇಳಿಬಿಡುತ್ತಾರೆ.

ನಾವು ಮುಂದಿನ ಭಾನುವಾರ ಹೋಗುತ್ತಿದ್ದೇವೆ. ಈ ವರ್ಷ ಏನು ಬೇಕು ಅಂತ ಮಗಳನ್ನು ಕೇಳಿದೆ. ನಾಯಿ ಅಂದಳು. ಗೋದಲಿಯಲ್ಲಿ ನಾಯಿ ಇರುತ್ತಾ ಪುಟ್ಟಿ ಅಂದೆ. "ಕುರಿ ಕಾಯೋರ ಹತ್ರ ನಾಯಿ ಇರಲ್ವಾ ಅಮ್ಮ? ಅದೂ ಬಂದಿರತ್ತೆ" ಅಂದಳು. ಕಪ್ಪು ಕ್ರೇಯಾನಿನಲ್ಲಿ ಚಿತ್ರ ಬರೆದು ಕೊಟ್ಟಿದ್ದಾಳೆ, ಬಾಲ ಮೈಗಿಂತ ಉದ್ದ ಇದೆ. ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.